ಬಾಗಿಲಿಗೆ ಹಾಸಿದ ಗೋಣಿಚೀಲ

ಅಮ್ಮನಿಗೆ ಸ್ತನದ ಕ್ಯಾನ್ಸರ್ ಅಂತ ಗೊತ್ತಾದ ವಾರವೇ ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಅವಳನ್ನು ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲೇ ತಡೆದರು. "ನೀನು ಒಳಗೆ ಬರಬೇಡಮ್ಮ, ಹುಳಕ್ಕೆ ಸೋಂಕು ತಗಲುತ್ತೆ" ಅಂದರು. ಶಿಡ್ಲಘಟ್ಟದ ಕಡೆ ಹುಳುಮನೆಗೆ ಕಂಡಕಂಡವರನ್ನು ಬಿಡುವುದಿಲ್ಲ, ನಿಜ. ಆದರೆ ಅಮ್ಮ ಕಂಡಕಂಡವರಾ? ನಾನು ಹುಟ್ಟುವ ಮೊದಲಿನಿಂದ ಆ ಹುಳುಗಳಿಗೆ ಸೊಪ್ಪು ಹಾಕಿದವಳು ಅವಳು. ಕ್ಯಾನ್ಸರ್ ಅಂಟುರೋಗವಲ್ಲ ಅಂತ ನಾನು ಕಿರುಚಾಡಿದೆ. ಅಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದರು. ಆವತ್ತು ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕೀಮೋ ಶುರುವಾದ ಮೇಲೆ ಡಾಕ್ಟರು, ಬೇರೆಯವರಿಂದ ಅಮ್ಮನಿಗೆ ಸೋಂಕು ತಗಲದ ಹಾಗೆ ನೋಡಿಕೊಳ್ಳಿ ಅಂದರು. ಅಪ್ಪ ಮನೆಗೆ ಬಂದವರೇ ಒಂದು ಗೋಣಿಚೀಲವನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿ, ಕಾಲಿನ ಸೋಂಕು ಒಳಗೆ ಹೋಗದಿರಲಿ ಅಂತ ಹುಳುಮನೆಯ ಹೊಸ್ತಿಲಿಗೆ ಹಾಸುವ ಹಾಗೆಯೇ ಅಮ್ಮನ ಕೋಣೆಯ ಬಾಗಿಲಿಗೆ ಹಾಸಿದರು. ನಾವೆಲ್ಲ ಅದನ್ನು ತುಳಿದು, ಕೈ ತೊಳೆದೇ ಒಳಗೆ ಹೋಗುತ್ತಿದ್ದೆವು. ನಮ್ಮ ಮನೆಯವರಿಗೆ ಗೊತ್ತಿದ್ದ ಆರೈಕೆ ಅದೊಂದೇ.

ಒಂದು ಮಧ್ಯಾಹ್ನ ದೊಡ್ಡಮ್ಮ ಕೆಮ್ಮುತ್ತಾ, ದಾಳಿಂಬೆ ಹಿಡಿದುಕೊಂಡು ಬಂದರು. ಆವತ್ತು ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬಂದಿದ್ದು ನೋಡಿ ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಬರೀ ನೋಡ್ಕೊಂಡು ಹೋಗ್ತೀನಪ್ಪ" ಅಂದರು ದೊಡ್ಡಮ್ಮ.

ಅಪ್ಪ ದೊಡ್ಡಮ್ಮನ ಮುಖ ನೋಡಿ ಎದುರು ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಹುಳ ಹೋದ್ರೆ ಇನ್ನೊಂದು ಸಲ ಮೊಟ್ಟೆ ತರಬಹುದು ಅತ್ತಿಗೆ. ಆಚೆ ನಿಂತ್ಕೊಳ್ಳಿ."