ಶೀಲ್ಡಿನ ನಡುವಿನ ತಗಡು

ಅಮೆರಿಕದ ಒಂದು ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸತತ ಏಳು ವರ್ಷ ಚಾಂಪಿಯನ್ ಆಗಿತ್ತು ಎಂದು ನಾನು ಓದಿದ್ದು ಜಯನಗರ ನಾಲ್ಕನೇ ಬ್ಲಾಕಿನ ಹಳೇ ಪೇಪರ್ ಅಂಗಡಿಯಲ್ಲಿ, ಮೇಲಿನ ಹಾಳೆ ಹರಿದುಹೋಗಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ. ಏಳೇ ಇರಬೇಕು. ಎಪ್ಪತ್ತರ ದಶಕದ ನಡುವಿನ ಮಾತು, ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ.

ನನಗೆ ಬಗೆಹರಿಯದೇ ಹೋದದ್ದು ಒಂದೇ. ಅಲ್ಲಿಯ ಹುಡುಗರೂ ನಾಲ್ಕು ವರ್ಷಕ್ಕೆ ಕಾಲೇಜು ಬಿಡುತ್ತಾರೆ. ಮೊದಲ ವರ್ಷ ಗೆದ್ದವನು ಏಳನೇ ವರ್ಷ ಅಲ್ಲಿರುವುದೇ ಇಲ್ಲ. ಹಾಗಾದರೆ ಏಳು ಸಲ ಗೆದ್ದವರು ಯಾರು? ಟೀಮಿನ ಬನಿಯನ್ ಮಾತ್ರವೇ?

ಪತ್ರಿಕೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಆ ವರ್ಷ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನಾವೇ ಗೆದ್ದೆವು. ನಾನು ಬಹುಪಾಲು ಬೆಂಚಿನ ಮೇಲಿದ್ದೆ. ಆ ಪಂದ್ಯಾವಳಿಯ ರೋಲಿಂಗ್ ಶೀಲ್ಡ್ ಸತತ ಮೂರು ವರ್ಷ ಗೆದ್ದವರಿಗೆ ಖಾಯಂ. ಪ್ರತಿ ವರ್ಷ ಶೀಲ್ಡ್ ಇಟ್ಟುಕೊಂಡವರು ತಮ್ಮ ಕಾಲೇಜಿನ ಹೆಸರು ಕೆತ್ತಿಸಿ ಒಂದು ಸಣ್ಣ ತಗಡು ಕೂರಿಸುವುದು ವಾಡಿಕೆ. ನಮ್ಮ ಹೆಸರಿನ ಮೂರು ತಗಡು ಸಾಲಾಗಿ ಕೂತಿದ್ದವು. ಸದ್ಯದಲ್ಲೇ ರಿಟೈರ್ ಆಗಲಿದ್ದ ನಮ್ಮ ಪಿ.ಟಿ. ಮೇಷ್ಟ್ರಿಗೆ, ಹೋಗುವುದರೊಳಗೆ ಶೀಲ್ಡನ್ನು ಕಾಲೇಜಿನ ಗೋಡೆಗೆ ಶಾಶ್ವತವಾಗಿ ಹಾಕಿಸಬೇಕೆಂಬ ಆಸೆ.

ಸೋತ ಟೀಮಿನ ಕ್ಯಾಪ್ಟನ್, ಹನುಮಂತನಗರದವನು, ನನಗೂ ಪರಿಚಯವಿದ್ದವನು, ನಾವೆಲ್ಲ ಅಲ್ಲಿದ್ದಾಗಲೇ ನೇರ ಮೇಷ್ಟ್ರ ಕೋಣೆಗೇ ಬಂದ.

"ಸಾರ್, ಮೂರು ವರ್ಷ ಎಲ್ಲಾಯ್ತು? ಹೋದ ವರ್ಷ ಸ್ಟ್ರೈಕು. ಟೂರ್ನಮೆಂಟೇ ನಡೀಲಿಲ್ಲ."

"ಶೀಲ್ಡ್ ಎಲ್ಲಿತ್ತಪ್ಪಾ ಆಗ? ನಮ್ಮ ಹತ್ರ ತಾನೆ? ನಮ್ಮನ್ನ ಸೋಲಿಸಿದೋರು ಯಾರು ಹೇಳು?" ಎಂದರು ಮೇಷ್ಟ್ರು.

"ಹಂಗಂದ್ರೆ ನಮ್ಮಜ್ಜೀನೂ ಹೋದ ವರ್ಷ ಸೋತಿಲ್ಲ ಸಾರ್."

ನಮ್ಮ ಹುಡುಗರೇ ನಕ್ಕುಬಿಟ್ಟರು. ಮೇಷ್ಟ್ರ ಮುಖ ನೋಡಲಾಗದೆ ನಾನು ಪತ್ರಿಕೆ ತೆಗೆದೆ. "ನೋಡೋ ಇಲ್ಲಿ. ಒಂದೇ ಕಾಲೇಜು, ಏಳು ವರ್ಷ! ಅವರಿಗಾದ್ರೆ ಆಗುತ್ತೆ, ನಮಗೆ ಮೂರು ಆಗಬಾರ್ದಾ?"

ಅವನು ಬೆರಳಿಟ್ಟು ಓದಿದ. "ಮಗಾ, ಇಲ್ಲಿ ಏಳು ಫೈನಲ್ಲಿನ ಸ್ಕೋರೂ ಹಾಕಿದ್ದಾರೆ. ನಿಮ್ಮ ಹೋದ ವರ್ಷದ ಸ್ಕೋರ್ ಎಷ್ಟು?"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಟ ಪೂರ್ತಿ ಓದಿದರು. ಫೋಟೋದ ಅಂಚಿನಲ್ಲಿ ಕೋಟು ತೊಟ್ಟು ನಿಂತಿದ್ದ ವಯಸ್ಸಾದವನನ್ನು ತೋರಿಸಿ, "ಇದು ಕೋಚಾ?" ಅಂದರು.

"ಹೌದು ಸಾರ್."

"ಏಳೂ ವರ್ಷ ಇವನೇನಾ?"

"ಇವನೇ ಸಾರ್." ಏಳು ಸಲ ಗೆದ್ದವರು ಯಾರು ಎಂಬ ನನ್ನ ಪ್ರಶ್ನೆಗೆ ಅಲ್ಲೊಂದು ಉತ್ತರವಿತ್ತು ಎಂದು ನನಗೆ ಹೊಳೆದದ್ದು ಆಗ.

ಆಮೇಲೆ ಅವರು ಶೀಲ್ಡನ್ನು ಮೇಜಿನ ಮೇಲೆ ಮಲಗಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು, ಹೋದ ವರ್ಷದ್ದೆಂದು ಕೂರಿಸಿದ್ದ ನಡುವಿನ ತಗಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಮುಂದಿನ ವರ್ಷ ಬಾಪ್ಪಾ. ಆಡಿ ತಗೊಂಡು ಹೋಗು," ಅಂದರು ಅವನಿಗೆ. ಮುಂದಿನ ವರ್ಷ ಅವನ ಕಾಲೇಜು ಆಡಿಯೇ ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮೇಷ್ಟ್ರು ರಿಟೈರ್ ಆಗಿದ್ದರು.

ಈ ಕಥೆಯನ್ನು ನಾನು ವರ್ಷಗಟ್ಟಲೆ ಹೀಗೇ ಹೇಳಿಕೊಂಡು ಬಂದೆ. ಈಚೆಗೆ, ಆ ದಿನ ಕೋಣೆಯಲ್ಲಿದ್ದ ಗೆಳೆಯನೊಬ್ಬ ತಡೆದ. "ಮೇಷ್ಟ್ರು ಸ್ಕ್ರೂಡ್ರೈವರ್ ನಿನ್ನ ಕೈಗೆ ಕೊಟ್ರು ಕಣೋ. ಸ್ಕ್ರೂ ಬಿಚ್ಚಿದ್ದು ನೀನು."

ಇರಬಹುದು. ಎಷ್ಟು ಯೋಚಿಸಿದರೂ ಸ್ಕ್ರೂಡ್ರೈವರ್ ಹಿಡಿದ ಕೈ ಯಾರದೆಂದು ಈಗ ಕಾಣುವುದಿಲ್ಲ. ತಗಡು ಹೋದ ಜಾಗದಲ್ಲಿ ಉಳಿದ ಎರಡು ಸಣ್ಣ ತೂತು ಕಾಣುತ್ತವೆ. ಪತ್ರಿಕೆ ತಂದವನು ಮಾತ್ರ ನಾನೇ. ಮೇಷ್ಟ್ರು ಅದನ್ನು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.