ಚೆನ್ನಾಗಿರುವ ಕಣ್ಣಿಗೇ ಪಟ್ಟಿ

ನನ್ನ ಎಡಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ ಎಂಬುದನ್ನು ನಾನು ಮನೆಯಾಚೆ ಯಾರಿಗೂ ಹೇಳಿಕೊಂಡವಳಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಇದಕ್ಕೆ ಜನ ಇಟ್ಟಿರುವ ಹೆಸರು ಸೋಮಾರಿ ಕಣ್ಣು. ಆ ಹೆಸರನ್ನು ನಾನು ಒಪ್ಪುವುದಿಲ್ಲ. ಚಿಕ್ಕಂದಿನಲ್ಲಿ ಎರಡು ಕಣ್ಣುಗಳ ಪವರ್ ಬೇರೆ ಬೇರೆಯಿತ್ತು; ಮಸುಕಾಗಿ ಕಂಡದ್ದನ್ನು ಮೆದುಳು ಕೈಬಿಟ್ಟಿತು. ಅದರಲ್ಲಿ ಕಣ್ಣಿನ ಸೋಮಾರಿತನವೇನೂ ಇಲ್ಲ.

ಕಳೆದ ವರ್ಷ ಅಣ್ಣನ ಮಗಳಿಗೂ ಎಡಗಣ್ಣಿನಲ್ಲಿ ಇದೇ ತೊಂದರೆಯಿದೆಯೆಂದು ಶಾಲೆಯ ತಪಾಸಣೆಯಲ್ಲಿ ತಿಳಿಯಿತು. ಅವಳಿಗೆ ಐದು ವರ್ಷ. ಅಣ್ಣ, ಅತ್ತಿಗೆ ಇಬ್ಬರೂ ತರೀಕೆರೆಗೆ ಕೆಲಸಕ್ಕೆ ಹೋಗುವುದರಿಂದ ಅಜ್ಜಂಪುರದ ಮನೆಯಲ್ಲಿ ಅವಳನ್ನು ನೋಡಿಕೊಳ್ಳುವುದು ನನ್ನ ಅಮ್ಮ. ನಾವಿಬ್ಬರೂ ಅವಳನ್ನು ಕಡೂರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆವು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ರೆಟಿನಾದ ಸೀಳುನೋಟ ತೋರಿಸಿದರು. ಬಾವಿ ತೋಡಿದಾಗ ಕಾಣುವ ಮಣ್ಣಿನ ಪದರಗಳ ಹಾಗಿತ್ತು. ನಡುವೆ ಒಂದು ಸಣ್ಣ ತಗ್ಗು. ಎಡಗಣ್ಣಿನಲ್ಲಿ ಆ ತಗ್ಗಿನ ತಳ ಕೊಂಚ ದಪ್ಪ, ಅದರ ಹಿಂದಿನ ರಕ್ತನಾಳಗಳ ಪದರವೂ ಕೊಂಚ ದಪ್ಪ. ಇಂಥ ಕೆಲವು ಮಕ್ಕಳಿಗೆ ಹೀಗಿರುತ್ತದೆ, ಎಲ್ಲರಿಗೂ ಅಲ್ಲ, ಇದೇ ಕಾರಣವೆಂದು ಹೇಳಲಾಗದು, ಕನ್ನಡಕ ಹಾಕಿ ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಿ, ಆಗ ಎಡಗಣ್ಣು ನೋಡಲು ಕಲಿಯುತ್ತದೆ ಎಂದರು. ನನ್ನ ಕಣ್ಣನ್ನೂ ತೋರಿಸಿಕೊಂಡೆ. ಅಲ್ಲೂ ಅದೇ ದಪ್ಪ.

ಅಮ್ಮನ ನೆನಪಿನಲ್ಲಿ ಉಳಿದದ್ದು ಆ ದಪ್ಪವೊಂದೇ.

ಒಂದು ಶನಿವಾರ ಮಧ್ಯಾಹ್ನ ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದಾಗ ಮಗು ಜಗಲಿಯಲ್ಲಿ ಕುಣಿಯುತ್ತಿದ್ದಳು. ಪಟ್ಟಿ ಎಡಗಣ್ಣಿನ ಮೇಲಿತ್ತು. ಕೇಳಿದರೆ ದಿನಾ ಹಾಗೇ ಹಾಕುವುದಂತೆ. ಗಾಯವಾದ ಕಡೆಗೆ ತಾನೇ ಬಟ್ಟೆ ಕಟ್ಟುವುದು ಎಂಬುದು ಅಮ್ಮನ ವಾದ.

“ಕಾಣೋ ಕಣ್ಣನ್ನ ಯಾರಾದ್ರೂ ಮುಚ್ತಾರೇನೇ? ಒಳಗೇ ದಪ್ಪ ಐತೆ ಅಂತ ಡಾಕ್ಟ್ರೇ ತೋರ್ಸಿದ್ರಲ್ಲ. ಮಗೀನ ಸುಮ್ನೆ ಯಾಕೆ ಗೋಳುಹುಯ್ಕೋತೀಯ?”

ಚಿಕ್ಕವಳಿದ್ದಾಗ ನನಗೂ ಪಟ್ಟಿ ಹಾಕಲು ಹೇಳಿದ್ದರು. ನನ್ನ ಅಳು ನೋಡಲಾರದೆ ಅಮ್ಮ ವಾರದೊಳಗೆ ಕಿತ್ತುಹಾಕಿದ್ದಳು. ಆ ಮಾತನ್ನು ನಾನು ಯಾವತ್ತೂ ಎತ್ತಿರಲಿಲ್ಲ, ಅಂದೂ ಎತ್ತಲಿಲ್ಲ. ಮಗುವಿನ ಪಟ್ಟಿ ಬಿಚ್ಚಿ, ಹೊಸದನ್ನು ಬಲಗಣ್ಣಿಗೆ ಅಂಟಿಸಿ, ಕನ್ನಡಕ ಹಾಕಿ, ಎದುರಿಗೆ ಹೆಸರುಕಾಳಿನ ಮೊರ ಇಟ್ಟು ಕಲ್ಲು ಆರಿಸಲು ಹೇಳಿದೆ. ಅವಳು ಅಳುತ್ತಾ ಮೊರವನ್ನು ಆಚೆ ತಳ್ಳಿದಳು.

“ಅವಳ್ಗೆ ಕಾಣ್ತಿಲ್ಲ ಕಣೇ,” ಎಂದಳು ಅಮ್ಮ.

“ಕಾಣ್ಲಿ ಅಂತ್ಲೇ ಕೂರ್ಸಿರೋದು.”

ಮಗು ಅಳು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು. “ಅತ್ತೆ, ನೀನೂ ಹಾಕ್ಕೋ.”

ದೊಡ್ಡವಳಾದ ಮೇಲೆ ಬೇರೆಯವರ ಎದುರು ನಾನು ಬಲಗಣ್ಣು ಮುಚ್ಚಿಕೊಂಡವಳೇ ಅಲ್ಲ. ಡಬ್ಬಿಯಿಂದ ಇನ್ನೊಂದು ಪಟ್ಟಿ ತೆಗೆದು ಅಂಟಿಸಿಕೊಂಡೆ. ಮೊರ ತುಂಬ ಹಸಿರು ಮಬ್ಬು. ಬೆರಳಿನಿಂದ ತಡವಿ ತಡವಿ ಆರಿಸಿದೆ. ನಾನು ಕಲ್ಲೆಂದು ಎತ್ತಿಟ್ಟದ್ದು ಕಾಳು ಎಂದು ಮಗು ನಕ್ಕಳು. ಅವಳಿಗೆ ನನಗಿಂತ ಚೆನ್ನಾಗಿಯೇ ಕಾಣುತ್ತಿತ್ತು.

ಅಮ್ಮ ಹತ್ತಿರ ಬಂದು ಕೂತದ್ದು ಗೊತ್ತಾಯಿತು.

“ನಿಂಗೆ ಇಷ್ಟೇನಾ ಕಾಣೋದು?”

“ಇಷ್ಟೇ. ಇವಳ್ದು ಇಷ್ಟಕ್ಕೇ ನಿಲ್ಲಕ್ಕೆ ನಾನು ಬಿಡಲ್ಲ.”

ಅಮ್ಮ ಎದ್ದು ಒಳಗೆ ಹೋಗಿ, ಡಬ್ಬದಲ್ಲಿ ಉಳಿದಿದ್ದ ಕಾಳನ್ನೂ ತಂದು ಮೊರಕ್ಕೆ ಸುರಿದಳು.