ಹೊರಗಿನ ಕೇರಿಯಾಕಿಯ ಹಾಡುಗಳು

ನಿವೃತ್ತಿಯಾದ ಮೇಲೆ ಕಾಲು ಚಾಚಿ ಕೂರಬೇಕೆಂದುಕೊಂಡಿದ್ದೆ. ಹಾರ್ಮೋನಿಯಂ ಬರುತ್ತದೆ ಎಂಬ ಒಂದೇ ತಪ್ಪಿಗೆ ಈ ಆಲ್ಬಮ್ಮಿನ ಕೆಲಸ ನನ್ನ ಕೊರಳಿಗೆ ಬಿತ್ತು. ಊರಿನವರು ನೀರಿಗೆ ಬಿಡದಿದ್ದರೆ, ಬಹಿಷ್ಕಾರ ಹಾಕಿದರೆ, ನೊಂದವರ ಜತೆ ಕೋರ್ಟು ಕಚೇರಿಗೆ ಹೋಗುವ ಗೆಳೆಯರ ಗುಂಪೊಂದು ಚಿಕ್ಕೋಡಿಯಲ್ಲಿದೆ. ಅವರ ಕೆಲಸಕ್ಕೆ ನೆರವಾಗಲೆಂದು, ತೀರಿಹೋದ ಒಬ್ಬ ಹಾಡುಗಾರ್ತಿಯ ಎಂಟು ಹಾಡುಗಳನ್ನು ಎಂಟು ಮಂದಿಯಿಂದ ಹಾಡಿಸಿ ಪೆನ್‌ಡ್ರೈವಿನಲ್ಲಿ ಮಾರುವುದೆಂದು ತೀರ್ಮಾನವಾಯಿತು. ಬೇಡ ಅನ್ನುವ ಬಾಯಿ ನನಗೆ ದೇವರು ಕೊಟ್ಟಿಲ್ಲ.

ಆಕೆ ಕಬ್ಬು ಕಡಿಯುವ ಗ್ಯಾಂಗಿನವಳು. ರಾಯಬಾಗದ ಕಡೆ ನಾನು ಮೊದಲು ಪಾಠ ಮಾಡಿದ ಶಾಲೆಯ ಊರಿನವಳು. ಕಬ್ಬಿನ ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಹಾಡುತ್ತಿದ್ದಳು; ಎದುರಿಗೆ ಕೂತ ಮಂದಿಯನ್ನು ನೋಡಿ ಒಂದು ನುಡಿ ಕನ್ನಡ, ಮುಂದಿನದು ಮರಾಠಿ. ನಮ್ಮ ಕಡೆಯ ಮೇಳದವರು ಕೊನೆಯ ನುಡಿಯಲ್ಲಿ ತಮ್ಮ ಊರು, ಊರ ದೇವರು, ಗುರುವಿನ ಹೆಸರು ಹೇಳಿಯೇ ಹಾಡು ಮುಗಿಸುವುದು. ಆಕೆಗೆ ಗುರು ಇರಲಿಲ್ಲ. ಗುಡಿಯೊಳಗೆ ಬಿಡದ ದೇವರ ಹೆಸರು ಹೇಳಲು ಮನಸ್ಸೂ ಇರಲಿಲ್ಲ. ಹಾಗಾಗಿ ಯಾವ ಹಾಡೇ ಇರಲಿ, “ಊರ ಹೊರಗಿನ ಕೇರಿಯಾಕಿ ನಾ, ಹೇಳತೇನಿ ಕೇಳ್ರಿ” ಎಂದು ಮುಗಿಸುತ್ತಿದ್ದಳು.

ಆಕೆಯ ಮಗಳು ನನ್ನ ಕೈಯಲ್ಲಿ ಅಕ್ಷರ ತಿದ್ದಿದವಳು, ಈಗ ನಿಪ್ಪಾಣಿಯಲ್ಲಿ ನೌಕರಿಯಲ್ಲಿದ್ದಾಳೆ. ಅವ್ವನ ಹಾಡುಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, “ಅವ್ವನ ಮಾತು ಒಂದೂ ಬದಲಾಗಬಾರದ್ರಿ ಅಕ್ಕಾರ. ಅದೊಂದ ನನ್ನ ಕರಾರು” ಅಂದಳು. “ಆತವ್ವಾ” ಅಂದೆ. ಅನ್ನುವುದಕ್ಕೇನು.

ಚಿಕ್ಕೋಡಿಯ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಗೋಡೆಗೆ ಗಾದಿ ನಿಲ್ಲಿಸಿ ರೆಕಾರ್ಡಿಂಗ್ ನಡೆಯಿತು. ಕಬ್ಬಿನ ಸೀಜನ್ನು ಬೇರೆ. ಟ್ರ್ಯಾಕ್ಟರುಗಳು ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಹೋದಾಗಲೆಲ್ಲ ನಿಲ್ಲಿಸಿ ಕೂರಬೇಕು. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಬೀಗರ ಮನೆಯ ಲಗ್ನ. ಎಂಟನೆಯ ಹಾಡನ್ನು ಹಾಡುವವರೇ ಸಿಗದೆ ನಾನೇ ಹಾಡಿದೆ. ಮುಗಿದ ದಿನ ಮನೆಗೆ ಬಂದು ಚಾ ಕೂಡ ಕುಡಿಯದೆ ಮಲಗಿಬಿಟ್ಟೆ.

ಮರುವಾರ ಹಾಡುಗಾರ್ತಿಯ ಮಗಳನ್ನು ಕರೆದು ಕೇಳಿಸಿದೆ. ಮಧ್ಯಾಹ್ನದ ಬಿಸಿಲು, ನನಗೆ ತೂಕಡಿಕೆ. ಎಂಟೂ ಹಾಡು ಮುಗಿದವು. ಹೊಗಳುತ್ತಾಳೆ ಎಂದು ಕಾದೆ. ಆಕೆ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

“ಇದರಾಗ ನಮ್ಮವ್ವ ಎಲ್ಲಿ ಅದಾಳ್ರಿ ಅಕ್ಕಾರ?”

ನನಗೆ ತಿಳಿಯಲಿಲ್ಲ. ಮತ್ತೆ ಹಚ್ಚಿ ಕೇಳಿದಾಗ ಮುಖ ಬಿಸಿಯಾಯಿತು. ಮೊದಲನೆಯವರು ಕೊನೆಯ ನುಡಿಯಲ್ಲಿ ಕೊಕಟನೂರ ಅಂದಿದ್ದರು. ಎರಡನೆಯವರು ಕಬ್ಬೂರ. ಮೂರನೆಯವರು ತಮ್ಮ ಗುರುವನ್ನು ನೆನೆದಿದ್ದರು. ಎಂಟರಲ್ಲಿ ಒಂದರಲ್ಲೂ ಹೊರಗಿನ ಕೇರಿ ಇರಲಿಲ್ಲ. ನೋಟ್‌ಬುಕ್ಕು ಎದುರಿಗಿಟ್ಟುಕೊಂಡೇ ಎಲ್ಲರೂ ರೂಢಿಯಂತೆ ತಮ್ಮ ಊರು, ಗುರುವಿನ ಹೆಸರು ಕೂಡಿಸಿ ಮುಗಿಸಿದ್ದರು. ಹಾರ್ಮೋನಿಯಂ ಪೆಟಿ ಹಿಡಿದು ಪಕ್ಕದಲ್ಲೇ ಕೂತಿದ್ದ ನನ್ನ ಕಿವಿಗೂ ಅದು ತಪ್ಪೆನಿಸಿರಲಿಲ್ಲ. ನಾನಾದರೂ ಏನು ಮಾಡಿದ್ದೆ? ನನ್ನ ಊರ ಬಸವಣ್ಣನ ಹೆಸರು ಹೇಳಿ ಕೈ ಮುಗಿದಿದ್ದೆ. ಬದುಕಿದ್ದಾಗ ಊರ ಹೊರಗಿಟ್ಟವಳನ್ನು ನಾವು ಹಾಡಿನ ಹೊರಗೂ ಇಟ್ಟಿದ್ದೆವು, ಅದೂ ಆಕೆಯ ನೆನಪಿಗೆಂದು.

ಕೊನೆಯ ನುಡಿಯನ್ನು ತಿರುಗಿ ಹಾಡಿಸಲೆಂದು ಹಾಡುಗಾರರ ಊರುಗಳಿಗೆ ಬಸ್ಸು ಹತ್ತಿದೆ. ಚೀಲದಲ್ಲಿ ಸ್ಟುಡಿಯೋದವನ ಸಣ್ಣ ರೆಕಾರ್ಡರು, ಮೊಣಕಾಲಿಗೆ ಪಟ್ಟಿ. ಎಲ್ಲರಿಗೂ ಅದೇ ಮಾತು ಹೇಳಿ ಹೇಳಿ ನನ್ನ ದನಿ ನನಗೇ ಬೇಸರವಾಗಿತ್ತು. ಕೊಕಟನೂರಿನ ಮುದುಕ ಹಾಡುಗಾರರು ಒಪ್ಪಲಿಲ್ಲ. “ಹಾಡಿದಾಂವ ತನ್ನ ಊರ ಹೇಳಬೇಕ್ರಿ. ಮಂದಿ ಹೆಸರ ಹೇಳಿದ್ರ ಸುಳ್ಳ ಹೇಳಿದಂಗ ಆಕ್ಕೈತಿ” ಅಂದರು. ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ಆಮೇಲೆ, “ಹಂಗಾರ ಹಾಡು ಆಕಿದು, ನಂದು ಬರೇ ಬಾಯಿ” ಎಂದು ಎಲೆ ಉಗುಳಿ ಬಂದು ಹಾಡಿದರು.

ಇನ್ನೊಬ್ಬ ಹಾಡುಗಾರ್ತಿ, ಕಾಗವಾಡದ ಭಜನಾ ಮಂಡಳಿಯ ಬಾಯಿಯವರು, ದ್ರಾಕ್ಷಿ ತೋಟದ ಮನೆಯವರು; ಉಪಚಾರದಲ್ಲಿ ಕಡಿಮೆ ಮಾಡಲಿಲ್ಲ. ತಾಟು ತುಂಬ ದ್ರಾಕ್ಷಿ ಇಟ್ಟು, ಬಾಗಿಲು ಮುಂದಕ್ಕೆ ಎಳೆದು, ಮೆತ್ತಗೆ ಅಂದರು: “ಹೊರಗಿನ ಕೇರಿಯಾಕಿ ನಾ ಅಂತ ನನ್ನ ಬಾಯಿಂದ ಹೆಂಗ್ರಿ? ಮನಿಯಾಗ ಮಾತ ಬರತೈತಿ.” ಜಗಳ ಮಾಡುವಷ್ಟು ಕಸುವು ನನ್ನಲ್ಲಿರಲಿಲ್ಲ. ತಮ್ಮ ಊರ ಹೆಸರನ್ನು ತೆಗೆಸಲು ಒಪ್ಪಿದರು, ಅಷ್ಟೇ. ದ್ರಾಕ್ಷಿ ಹುಳಿಯಾಗಿತ್ತೋ, ನನ್ನ ಬಾಯೋ ಗೊತ್ತಿಲ್ಲ.

ಮಗಳಿಗೆ ಫೋನ್ ಮಾಡಿದೆ. “ಹಾಡು ಇರ್ಲಿ. ಆ ಸಾಲಿನ ಜಾಗಾದಾಗ ಬರೇ ಪೆಟಿ ಬಾರಸ್ರಿ” ಅಂದಳು. “ಕೇಳಿದಾವ್ರಿಗೆ ತಿಳೀಲಿ.”

ಕೊನೆಗೆ ನನ್ನ ಸರದಿ. ಕಾಗವಾಡದ ಬಾಯಿಯವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಸ್ಟುಡಿಯೋಕ್ಕೆ ಹೋಗಿದ್ದೆ. ಮಗಳೂ ಬಂದಿದ್ದಳು. “ಊರ ಹೊರಗಿನ...” ಎಂದು ಅಲ್ಲೇ ನಿಲ್ಲಿಸಿದೆ. ನೀರು ಕೇಳಿದೆ. ಎರಡನೆಯ ಸಲವೂ ಅಲ್ಲೇ. ಧೂಳಿಗೆ ಬೈದೆ, ಪೆಟಿಯ ಸ್ವರಕ್ಕೆ ಬೈದೆ. ಮೂವತ್ತು ವರ್ಷ ಮಕ್ಕಳಿಗೆ ನಾವೆಲ್ಲ ಸಮಾನರು ಎಂದು ಬಾಯಿಪಾಠ ಮಾಡಿಸಿದವಳು ನಾನು. ಆದರೆ ಆ ಹೊತ್ತಿಗೆ ಕಣ್ಣೆದುರು ಬಂದವರು ನನ್ನ ನಾದಿನಿ, ಓಣಿಯವರು, ಪಕ್ಕದ ಮನೆಯಾಕೆ. ನನಗೆ ನಾಚಿಕೆಯಾಯಿತು.

“ಭಾಳ ತ್ರಾಸ ಆಗಾಕತ್ತಿದ್ರ ಬಿಡ್ರಿ ಅಕ್ಕಾರ. ಅದೂ ಖಾಲಿನ ಇರ್ಲಿ” ಅಂದಳು ಮಗಳು. ಚುಚ್ಚಲು ಅನ್ನಲಿಲ್ಲ, ನನ್ನನ್ನು ಸಮಾಧಾನ ಮಾಡಲು ಅಂದಳು. ಅದೇ ತಡೆಯಲಾಗಲಿಲ್ಲ. ಮುಂದಿನ ಸಲ ಹಾಡಿದೆ. ಚೆನ್ನಾಗೇನೂ ಬರಲಿಲ್ಲ, ಆದರೆ ಪೂರ್ತಿ ಬಂತು.

ಪೆನ್‌ಡ್ರೈವುಗಳು ಟ್ರ್ಯಾಕ್ಟರು ಹತ್ತಿದವು. ಒಂದು ಮುಂಜಾನೆ ನಮ್ಮ ಓಣಿಯ ಬಾಯಲ್ಲೇ ಒಂದು ಟ್ರ್ಯಾಕ್ಟರು ಕೆಟ್ಟು ನಿಂತು, ನನ್ನ ಹಾಡು ಕೊನೆಯವರೆಗೂ ಕೇಳಿಸಿತು. ಪಕ್ಕದ ಮನೆಯಾಕೆ ದಿನದಂತೆ ಬಟ್ಟಲು ಹಿಡಿದು ಹೆಪ್ಪಿಗೆ ಬಂದಿದ್ದಳು. ನೌಕರಿಗೆಂದು ನಾನು ಈ ಓಣಿಗೆ ಬಂದ ಇಪ್ಪತ್ತು ವರ್ಷದಿಂದ ಆಕೆಯ ಮನೆಯ ಹಾಲು ನಮ್ಮ ಮನೆಯ ಮೊಸರಿಗೇ ಹೆಪ್ಪಾಗುವುದು.

“ಇದು ನಿಮ್ಮ ದನಿ ಅಲ್ಲೇನ್ರಿ ಅಕ್ಕಾರ?”

“ಹೌದ್ರಿ.”

“ಅಂದ್ರ... ನೀವು...?”

ಅಲ್ಲ ಅನ್ನುವ ಮಾತು ತುಟಿಗೆ ಬಂದಿತ್ತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಇಬ್ಬರೂ ನಗುತ್ತಿದ್ದೆವು. ನನಗೂ ಸಾಕಾಗಿತ್ತು. ಆದರೂ ಅನ್ನಲಿಲ್ಲ. ಆಕೆಯ ಬಟ್ಟಲಿಗೆ ಒಂದು ಚಮಚ ಮೊಸರು ಹಾಕಿದೆ.

ಮರುದಿನ ಆಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಕೆಗೆಂದು ಎತ್ತಿಟ್ಟ ಚಮಚ ಮೊಸರನ್ನು ತಿರುಗಿ ಗಡಿಗೆಗೆ ಹಾಕಿದೆ; ಆ ಸಾಲನ್ನು ಹೊರಗಿನ ಕೇರಿಯಾಕಿ ಸಾಯುವತನಕ ಹಾಡಿದ್ದಳು, ನಾನು ಹಾಡಿದ್ದು ಒಂದೇ ಸಲ.